ಸಾಫ್ಟ್ ಪೇಸ್ಟಲ್ ಶುರು ಮಾಡುವ ಮುನ್ನ: ಯಾವ ಕಡ್ಡಿ, ಯಾವ ಹಾಳೆ, ಕಡಲೋ ತೋಟವೋ?

ನಮ್ಮ ಕಡೆ ಸ್ಟೇಶನರಿ ಅಂಗಡಿಗೆ ಹೋಗಿ ‘ಪೇಸ್ಟಲ್ ಇದೆಯಾ’ ಎಂದು ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು ಆಯಿಲ್ ಪೇಸ್ಟಲ್. ಶಾಲೆ ಮಕ್ಕಳು ಬಳಸುತ್ತಾರಲ್ಲ, ಕಾಗದ ಸುತ್ತಿದ, ಮೇಣದ ಹಾಗೆ ಜಿಗುಟಾದ ಕಡ್ಡಿ, ಅದು. ನಾನೂ ಮೊದಲ ಸಲ ಅದನ್ನೇ ತಂದೆ. ಸಂಜೆ ಕಾರವಾರದ ಕಡಲತೀರದಲ್ಲಿ ಕೂತು, ವಿಡಿಯೋದಲ್ಲಿ ನೋಡಿದ್ದ ಹಾಗೆ, ಆಕಾಶಕ್ಕೆ ನೀಲಿ ಬಳಿದು ಬೆರಳಿನಿಂದ ತಿಕ್ಕಿದೆ. ಮೋಡ ಆಗಲಿಲ್ಲ. ಅಂಟಂಟಾದ ನೀಲಿ ಮುದ್ದೆಯಾಯಿತು, ಅದರ ಮೇಲೆ ಮರಳು ಬೇರೆ ಕೂತಿತು. ಇದು ನನ್ನ ಕೈಗೆ ಬರುವ ವಿದ್ಯೆಯಲ್ಲ ಅಂದುಕೊಂಡು ಆರು ತಿಂಗಳು ಡಬ್ಬಿ ಮುಟ್ಟಲಿಲ್ಲ. ತಪ್ಪು ಕೈಯದಲ್ಲ, ಡಬ್ಬಿಯದು, ವಿಡಿಯೋದಲ್ಲಿ ಇದ್ದದ್ದು ಸಾಫ್ಟ್ ಪೇಸ್ಟಲ್ ಎಂದು ಗೊತ್ತಾದದ್ದು ಆಮೇಲೆ.

ನಿಮ್ಮ ಆ ಆರು ತಿಂಗಳು ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಾಫ್ಟ್ ಪೇಸ್ಟಲ್‌ನಲ್ಲಿ ನಿಸರ್ಗ ಚಿತ್ರ ಕಲಿಯುವವರು ಮೊದಲು ಹಾಳೆಗೆ ದುಡ್ಡು ಹಾಕಬೇಕು, ಆಮೇಲೆ ಕಡ್ಡಿಗೆ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. 72 ಬಣ್ಣದ ಡಬ್ಬಿ ತಂದು ಮಕ್ಕಳ ಡ್ರಾಯಿಂಗ್ ಪುಸ್ತಕದಲ್ಲಿ ಉಜ್ಜುತ್ತಾರೆ.

ಕಡ್ಡಿಗಳಲ್ಲಿ ನಾಲ್ಕು ಥರ

ಸಾಫ್ಟ್ ಪೇಸ್ಟಲ್ ಎಂದರೆ ಬಣ್ಣದ ಪುಡಿ, ಸೀಮೆಸುಣ್ಣದಂಥ ಬಿಳಿ ಪುಡಿ, ಎರಡನ್ನೂ ಹಿಡಿದಿಡಲು ಬೇಕಾದಷ್ಟೇ ಅಂಟು. ಹಳೆಯ ಪದ್ಧತಿಯಲ್ಲಿ ಟ್ರಾಗಕಾಂತ್ ಎಂಬ ಗಿಡದ ಗೋಂದು ಹಾಕುತ್ತಿದ್ದರು. ಅಂಟು ಕಡಿಮೆಯಾದಷ್ಟೂ ಕಡ್ಡಿ ಮೆತ್ತಗೆ, ಹಾಳೆಗೆ ಬಣ್ಣ ದಟ್ಟ. ಇದರಲ್ಲಿ ಎಣ್ಣೆ ಇಲ್ಲದ ಕಾರಣ ಒಣಗಲಿ ಎಂದು ಕಾಯಬೇಕಿಲ್ಲ, ವರ್ಷ ಕಳೆದ ಮೇಲೆ ಎಣ್ಣೆಯಿಂದ ಹಳದಿಯಾಗುವ ಭಯವೂ ಇಲ್ಲ. ವೆನಿಸ್‌ನ ರೊಸಾಲ್ಬಾ ಕರಿಯೇರಾ (1673–1757) ಮಾಡಿದ ಪೇಸ್ಟಲ್ ಭಾವಚಿತ್ರಗಳ ಬಣ್ಣ ಇವತ್ತಿಗೂ ತಾಜಾ ಆಗಿಯೇ ಇದೆ. ಉಜ್ಜಿದರೆ ಅಳಿಸಿಹೋಗುವ ಪುಡಿ ಇಷ್ಟು ವರ್ಷ ಉಳಿಯುತ್ತದೆ ಎಂದರೆ ಮೊದಲು ನಾನೂ ನಂಬಿರಲಿಲ್ಲ.

ಆಯಿಲ್ ಪೇಸ್ಟಲ್ ಬೇರೆಯದೇ ವಸ್ತು. ಮೇಣ ಮತ್ತು ಒಣಗದ ಎಣ್ಣೆ ಸೇರಿಸಿ ಮಾಡಿದ್ದು. ಜಪಾನಿನ ಸಕುರಾ ಕಂಪನಿ 1920ರ ದಶಕದಲ್ಲಿ ಇದನ್ನು ಶಾಲೆಗಳಿಗಾಗಿ ಮಾರುಕಟ್ಟೆಗೆ ತಂದಿತು. ಧೂಳಿಲ್ಲ, ಅಗ್ಗ, ಎಲ್ಲ ಊರಿನಲ್ಲೂ ಸಿಗುತ್ತದೆ. ಬಂದರಿನ ದೋಣಿ, ಬಣ್ಣ ಬಳಿದ ಗೋಡೆ, ಬಂಡೆ ಬರೆಯಲು ಚೆನ್ನಾಗಿಯೇ ಇದೆ. ಆದರೆ ಮಂಜಿನಲ್ಲಿ ಕರಗಿಹೋಗುವ ಗುಡ್ಡದ ಅಂಚು, ಮಳೆ ಮೋಡದ ಹೊಟ್ಟೆ, ಇಂಥ ಮೆತ್ತಗಿನ ಕೆಲಸಕ್ಕೆ ಬಗ್ಗುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಕಡ್ಡಿಯೇ ಕೈಯಲ್ಲಿ ಮೆತ್ತಗಾಗುತ್ತದೆ. ಎರಡನ್ನೂ ಒಂದೇ ಚಿತ್ರದಲ್ಲಿ ಬೆರೆಸಲು ಹೋಗಬೇಡಿ. ಎಣ್ಣೆಯ ಮೇಲೆ ಪುಡಿ ನಿಲ್ಲುವುದಿಲ್ಲ.

ಹಾರ್ಡ್ ಪೇಸ್ಟಲ್ ಸಾಫ್ಟ್ ಪೇಸ್ಟಲ್‌ನ ಸ್ವಂತ ಅಣ್ಣ. ಅಂಟು ಜಾಸ್ತಿ, ಪುಡಿ ಕಡಿಮೆ, ಸಾಮಾನ್ಯವಾಗಿ ಚೌಕಾಕಾರ. ಅದರ ಮೂಲೆಯಿಂದ ಗೆರೆ ಎಳೆಯಬಹುದು, ಅಡ್ಡ ಹಿಡಿದು ಮೊದಲ ಪದರ ಹಾಕಬಹುದು. ಡಬ್ಬಿ ಬೇಕಿಲ್ಲ. ಕಪ್ಪು, ಕಡು ಕಂದು, ಬೂದು ಹೀಗೆ ಮೂರು ನಾಲ್ಕು ಇದ್ದರೆ ಸಾಕು.

ಪೇಸ್ಟಲ್ ಪೆನ್ಸಿಲ್ ನೋಡಲು ಚೆಂದ, ಕೈ ಮಸಿಯಾಗುವುದಿಲ್ಲ. ಆಫೀಸಿನಿಂದ ಬಂದು ಸೋಫಾದಲ್ಲಿ ಕೂತು ಬರೆಯುವವರಿಗೆ ಆಸೆ ಹುಟ್ಟಿಸುತ್ತದೆ. ಸ್ಟಾಬಿಲೊದ ಕಾರ್ಬೊಥೆಲೊ, ಫೇಬರ್ ಕ್ಯಾಸ್ಟೆಲ್‌ನ ಪಿಟ್, ಎರಡೂ ಒಳ್ಳೆಯವೇ. ಆದರೆ ಇವು ಬರೀ ಗೆರೆಗೆ: ದೋಣಿಯ ಹಗ್ಗ, ದೂರದ ಅಡಿಕೆ ಮರ, ಕರೆಂಟು ತಂತಿ. ಇಡೀ ಆಕಾಶವನ್ನು ಪೆನ್ಸಿಲ್‌ನಲ್ಲಿ ತುಂಬುವುದೆಂದರೆ ಚಮಚದಲ್ಲಿ ಬಾವಿ ತೋಡಿದ ಹಾಗೆ. ಕೆಳಗೆ ಬಿದ್ದರೆ ಒಳಗಿನ ಕಡ್ಡಿ ತುಂಡಾಗುತ್ತದೆ, ಆಮೇಲೆ ಎಷ್ಟು ಕೆತ್ತಿದರೂ ಮೊನೆ ಉದುರುತ್ತಲೇ ಇರುತ್ತದೆ.

ಲ್ಯಾಂಡ್‌ಸ್ಕೇಪ್ ನಿಮ್ಮ ಆಸೆಯಾಗಿದ್ದರೆ ಸಾಫ್ಟ್ ಪೇಸ್ಟಲ್‌ನ ಒಂದು ಡಬ್ಬಿ, ಜೊತೆಗೆ ಎರಡು ಮೂರು ಹಾರ್ಡ್ ಕಡ್ಡಿ ತೆಗೆದುಕೊಳ್ಳಿ. ಪೆನ್ಸಿಲ್ ಆಮೇಲೆ ನೋಡೋಣ.

‘ವಾಟರ್ ಕಲರ್ ಯಾಕಾಗಬಾರದು’ ಎಂದು ಕೇಳುವವರೂ ಇದ್ದಾರೆ. ಆಗಬಹುದು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಯಲ್ಲಿ ಟವೆಲ್ಲೇ ಒಣಗುವುದಿಲ್ಲ, ಇನ್ನು ಮೊದಲ ವಾಶ್, ಅಂದರೆ ನೀರು ನೀರಾದ ಮೊದಲ ಬಣ್ಣದ ಪದರ, ಯಾವಾಗ ಒಣಗಬೇಕು? ಪೇಸ್ಟಲ್‌ನಲ್ಲಿ ಆ ಕಾಟವಿಲ್ಲ. ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ವಾಟರ್ ಕಲರ್‌ನಲ್ಲಿ ತಿಳಿಯಿಂದ ಕಡುವಿಗೆ ಹೋಗುತ್ತೀರಿ, ಬಿಳಿ ಜಾಗ ಮೊದಲೇ ಕಾಯ್ದುಕೊಳ್ಳಬೇಕು. ಪೇಸ್ಟಲ್‌ನಲ್ಲಿ ಕಡು ಮೊದಲು, ತಿಳಿ ಕೊನೆಗೆ. ನೊರೆಯ ಬಿಳಿ ಕಟ್ಟಕಡೆಯಲ್ಲಿ ಬೀಳುತ್ತದೆ. ತಪ್ಪಾದರೆ ಗಟ್ಟಿ ಕೂದಲಿನ ಹಳೇ ಬ್ರಶ್‌ನಿಂದ ಪುಡಿ ಕೆಡವಿ, ಅಲ್ಲೇ ಮತ್ತೆ ಬರೆಯಬಹುದು. ಹೊಸಬರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಡಬ್ಬಿ ಎಷ್ಟು ದೊಡ್ಡದು

24 ಬಣ್ಣದ ಪೂರ್ತಿ ಕಡ್ಡಿಯೋ, 48 ಬಣ್ಣದ ಅರ್ಧ ಕಡ್ಡಿಯೋ ಎಂದರೆ ಅರ್ಧ ಕಡ್ಡಿಯೇ ಸರಿ. ಹೇಗಿದ್ದರೂ ಪೂರ್ತಿ ಕಡ್ಡಿಯನ್ನು ಮೊದಲ ದಿನವೇ ಮುರಿಯಬೇಕು. ಸುತ್ತಿದ ಕಾಗದ ಕಿತ್ತು, ಬೆರಳಿನ ಎರಡು ಗಿಣ್ಣಿನಷ್ಟು ತುಂಡು ಮಾಡಿ, ಅಡ್ಡ ಮಲಗಿಸಿ ಎಳೆಯಬೇಕು. ಹೊಸ ಕಡ್ಡಿ ಮುರಿಯಲು ಮನಸ್ಸು ಬರುವುದಿಲ್ಲ ನಿಜ. ಪೆನ್ಸಿಲ್ ಹಾಗೆ ಹಿಡಿದು ಬರೆಯುವವರ ಚಿತ್ರದಲ್ಲಿ ಆಕಾಶವೆಲ್ಲ ಗೀರು ಗೀರು ಕಾಣುತ್ತದೆ.

ಅಗ್ಗದ ಡಬ್ಬಿಗೂ ದುಬಾರಿ ಡಬ್ಬಿಗೂ ಇರುವ ವ್ಯತ್ಯಾಸ ಬಣ್ಣಗಳ ಲೆಕ್ಕದಲ್ಲಿ ಇಲ್ಲ. ಅಗ್ಗದ್ದರಲ್ಲಿ ಬಿಳಿ ಪುಡಿ ಜಾಸ್ತಿ. ಅದಕ್ಕೇ ಕಡು ಬಣ್ಣ ಕಡುವಾಗಿ ಇರುವುದೇ ಇಲ್ಲ, ಎಲ್ಲವೂ ಸ್ವಲ್ಪ ಹಾಲು ಬೆರೆಸಿದ ಹಾಗೆ. ನೋಡುವುದು ಸುಲಭ. ಡಬ್ಬಿಯ ಅತಿ ಕಡು ಕಡ್ಡಿಯನ್ನು ಬಿಳಿ ಹಾಳೆಯ ಮೇಲೆ ಒಂದೇ ಸಲ ಒತ್ತಿ ಎಳೆಯಿರಿ. ಬಿಳಿ ಕಡ್ಡಿಯನ್ನು ಕಪ್ಪು ಹಾಳೆಯ ಮೇಲೆ ಎಳೆಯಿರಿ. ಎರಡೂ ಕಡೆ ಹಾಳೆ ಮುಚ್ಚಿಹೋದರೆ ಕಡ್ಡಿ ಒಳ್ಳೆಯದು. ಬೂದಿ ಸವರಿದ ಹಾಗೆ ಕಂಡರೆ ಬಿಡಿ.

ಬ್ರ್ಯಾಂಡ್ ವಿಷಯದಲ್ಲಿ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಕೊರಿಯಾದ ಮುಂಗ್ಯೊ, ಫೇಬರ್ ಕ್ಯಾಸ್ಟೆಲ್‌ನ ಅರ್ಧ ಕಡ್ಡಿಗಳು ಕಲಿಯುವುದಕ್ಕೆ ಸಾಕು. ನೆದರ್‌ಲ್ಯಾಂಡ್ಸ್‌ನ ರೆಂಬ್ರಾಂಟ್ ಮಧ್ಯಮ ಗಟ್ಟಿ, ಬೇಗ ಸವೆಯುವುದಿಲ್ಲ. ಫ್ರಾನ್ಸಿನ ಸೆನೆಲಿಯೆ, ಜರ್ಮನಿಯ ಶ್ಮಿಂಕೆ ಬೆಣ್ಣೆಯ ಹಾಗೆ ಮೆತ್ತಗೆ. ಅಷ್ಟು ಮೆತ್ತಗಿನದು ಹೊಸಬರ ಕೈಯಲ್ಲಿ ಎರಡೇ ಪದರಕ್ಕೆ ಹಾಳೆ ತುಂಬಿಸಿಬಿಡುತ್ತದೆ. ದುಡ್ಡಿದ್ದರೂ ಮೊದಲ ಡಬ್ಬಿಯಾಗಿ ಅದು ಬೇಡ. ಮುಂದೆ ಬಿಳಿ, ಕೆನೆ, ತಿಳಿ ಹಳದಿ ಹೀಗೆ ಮೂರೋ ನಾಲ್ಕೋ ಬಿಡಿಯಾಗಿ ಸಿಕ್ಕರೆ ತರಿಸಿಕೊಳ್ಳಿ. ಗಟ್ಟಿ ಕಡ್ಡಿ ಕೆಳಗೆ, ಮೆತ್ತಗಿನದು ಮೇಲೆ. ಉಲ್ಟಾ ಮಾಡಿದರೆ ಜಾರುತ್ತದೆ.

‘ಪೋರ್ಟ್ರೇಟ್’ ಎಂದು ಬರೆದ ಡಬ್ಬಿ ತೆಗೆದುಕೊಳ್ಳಬೇಡಿ, ಅದರಲ್ಲಿ ಚರ್ಮದ ಬಣ್ಣಗಳೇ ತುಂಬಿರುತ್ತವೆ. ‘ಲ್ಯಾಂಡ್‌ಸ್ಕೇಪ್’ ಎಂದಿರುವುದು ಪರವಾಗಿಲ್ಲ, ಆದರೆ ಅದರ ಹಸಿರು ನಮ್ಮ ಹಸಿರಲ್ಲ. ನನ್ನ ಡಬ್ಬಿಯಲ್ಲಿ ಬೇಗ ಸವೆದ ಕಡ್ಡಿ ಯಾವುವು ಎಂದು ನೋಡಿದರೆ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಏನು ಬೇಕು ಎಂದು ಗೊತ್ತಾಗುತ್ತದೆ. ಬದನೆಕಾಯಿ ಬಣ್ಣದ ನೇರಳೆ. ಕಪ್ಪಿಗೆ ಹತ್ತಿರದ ಹಸಿರು. ಚಿರೆಕಲ್ಲಿನ ಕೆಂಗಂದು. ಬೂದು ಬೆರೆತ ನೀಲಿ, ಅದರಲ್ಲೂ ಎರಡು ಮೂರು ಹಂತ. ಮತ್ತೆ ಕೆನೆ. ಗಿಳಿಹಸಿರು ಕಡ್ಡಿ ಮಾತ್ರ ತಂದ ದಿನ ಹೇಗಿತ್ತೋ ಹಾಗೇ ಇದೆ.

ಬಣ್ಣ ಕಡಿಮೆಯಾಯಿತು ಎಂದು ಅಳುವವರು ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳನ್ನು ಒಮ್ಮೆ ನೋಡಬೇಕು. ಸುಣ್ಣದ ಬಿಳಿ, ಕೆಮ್ಮಣ್ಣಿನ ಕೆಂಪು. ಎರಡೇ ಬಣ್ಣದಲ್ಲಿ ದೇವರು, ಬಳ್ಳಿ, ಪ್ರಾಣಿ ಎಲ್ಲ ಬಂದಿದೆ.

ಕಡ್ಡಿಗಳು ಒಂದಕ್ಕೊಂದು ತಾಗಿ ನಾಲ್ಕೇ ದಿನದಲ್ಲಿ ಎಲ್ಲವೂ ಬೂದು ಬಣ್ಣಕ್ಕೆ ಬರುತ್ತವೆ. ಡಬ್ಬಿಯಲ್ಲಿ ಒಂದು ಹಿಡಿ ಅಕ್ಕಿ ಹಾಕಿ ಮೆಲ್ಲಗೆ ಅಲ್ಲಾಡಿಸಿದರೆ ಶುಚಿಯಾಗುತ್ತವೆ. ಊರಿನ ಮನೆಯಲ್ಲಿ ಇದನ್ನು ಮಾಡುತ್ತಿದ್ದಾಗ ಆಯಿ ಬಂದು ನೋಡಿ, ‘ಎಂತದಾ ತಮಾ ಇದು, ಅಕ್ಕಿಗೂ ಬಣ್ಣ ಹಚ್ಚಿದ್ಯನಾ?’ ಎಂದಳು. ಆ ಅಕ್ಕಿ ಕೋಳಿಗೂ ಹಾಕಬೇಡಿ. ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂನಂಥ ವಿಷದ ಅಂಶ ಇರಬಹುದು. ಇದೇ ಕಾರಣಕ್ಕೆ ಹಾಳೆಯ ಮೇಲಿನ ಪುಡಿಯನ್ನು ಬಾಯಿಂದ ಊದಬಾರದು. ಬೋರ್ಡನ್ನು ನೆಟ್ಟಗೆ ನಿಲ್ಲಿಸಿಕೊಂಡು ಬರೆದರೆ ಪುಡಿ ತಾನಾಗಿಯೇ ಕೆಳಗೆ ಬೀಳುತ್ತದೆ, ಅಂಗಳಕ್ಕೆ ಒಯ್ದು ಹಿಂದಿನಿಂದ ತಟ್ಟಿದರೆ ಉಳಿದದ್ದೂ ಹೋಗುತ್ತದೆ. ಮಧ್ಯೆ ಅವಲಕ್ಕಿ ತಿನ್ನುವ ಅಭ್ಯಾಸ ಇದ್ದರೆ ಕೈ ತೊಳೆದು ತಿನ್ನಿ.

ಹಾಳೆಯಲ್ಲಿ ಇರುವುದು ಎಲ್ಲ

ನನಗೆ ಇದು ಅರ್ಥವಾದದ್ದು ಒಂದೇ ನೋಟವನ್ನು ಮೂರು ಹಾಳೆಯ ಮೇಲೆ ಬರೆದಾಗ. ನೋಟ ಸರಳ. ಕಾರವಾರದ ಕಡಲತೀರದಿಂದ ಕಾಣುವ ಕೂರ್ಮಗಡ ದ್ವೀಪ, ಮುಂದೆ ನೀರು, ಮೇಲೆ ಅರ್ಧ ಮೋಡದ ಆಕಾಶ. ಕಡ್ಡಿ ಅವೇ, ಕೈ ಅದೇ.

ಮೊದಲನೆಯದು ಸಾಮಾನ್ಯ ಡ್ರಾಯಿಂಗ್ ಶೀಟು. ಆಕಾಶದ ಮೊದಲ ಪದರ ಚೆನ್ನಾಗಿಯೇ ಕೂತಿತು. ಎರಡನೆಯದು ಮೊದಲಿನದರ ಜೊತೆ ಕಲಸಿತು. ಮೂರನೆಯದು ಕೂರಲೇ ಇಲ್ಲ, ಕಡ್ಡಿ ಜಾರಿ ಕೆಳಗಿನ ಬಣ್ಣವನ್ನೂ ಎತ್ತಿಕೊಂಡು ಬಂತು. ಗಡದ ಕಡು ಹಸಿರಿನ ಮೇಲೆ ಬಿಸಿಲಿನ ಚುಕ್ಕೆ ಇಡಲು ಹೋದರೆ ಅದು ಕೊಳೆ ಹಸಿರಾಯಿತು. ನುಣುಪಾದ ಹಾಳೆಗೆ ಹಲ್ಲಿಲ್ಲ. ಪುಡಿ ಹಿಡಿದುಕೊಳ್ಳಲು ಅದಕ್ಕೆ ಜಾಗವೇ ಇಲ್ಲ.

ಎರಡನೆಯದು ಕ್ಯಾನ್ಸನ್‌ನ ಮಿ-ತಾಂತ್. ಪೇಸ್ಟಲ್ ಎಂದರೆ ಮೊದಲು ನೆನಪಿಗೆ ಬರುವ ಬಣ್ಣದ ಹಾಳೆ, 160 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ ಗ್ರಾಂನಲ್ಲಿ). ಒಂದು ಬದಿಯಲ್ಲಿ ಜೇನುಗೂಡಿನಂಥ ಚುಕ್ಕೆ, ಇನ್ನೊಂದು ಬದಿ ನಯ. ಚುಕ್ಕೆಯ ಬದಿಯಲ್ಲಿ ಬರೆದರೆ ಆಕಾಶಕ್ಕೆಲ್ಲ ಸೊಳ್ಳೆ ಪರದೆ ಹಾಕಿದ ಹಾಗೆ ಕಾಣುತ್ತದೆ. ಹಿಂದಿನ ಬದಿಯೇ ನನಗೆ ಇಷ್ಟ. ಮೂರು ನಾಲ್ಕು ಪದರ ಹಿಡಿಯಿತು. ಕೂರ್ಮಗಡದ ಹಸಿರು ಸ್ವಲ್ಪ ಜೀವ ಪಡೆಯಿತು. ಬೂದು ಬಣ್ಣದ ಹಾಳೆ ಆಗಿದ್ದರಿಂದ ಮೋಡಕ್ಕೆ ಅರ್ಧ ಕೆಲಸ ಹಾಳೆಯೇ ಮಾಡಿಕೊಟ್ಟಿತು.

ಮೂರನೆಯದು ಹಾರ್ಡ್‌ವೇರ್ ಅಂಗಡಿಯ ವಾಟರ್ ಪೇಪರ್. ಬಾಗಿಲು, ಗಾಡಿ ಉಜ್ಜುತ್ತಾರಲ್ಲ, ಕಪ್ಪು ಬಣ್ಣದ ಅದೇ ಹಾಳೆ, 400 ನಂಬರಿನದು. ಒಂದು ಹಾಳೆ 9 ಇಂಚಿಗೆ 11 ಇಂಚು. ಅಂಗಡಿಯವರು ‘ಎಂತಕ್ಕೆ’ ಎಂದು ಕೇಳಿದರು, ‘ಚಿತ್ರ ಬರೆಯಲು’ ಎಂದೆ, ಇನ್ನೇನೂ ಕೇಳಲಿಲ್ಲ. ಕಡ್ಡಿ ಇಟ್ಟ ತಕ್ಷಣ ಸರ್ ಎಂಬ ಸದ್ದು. ಬಣ್ಣ ಇಟ್ಟಲ್ಲಿ ಇಟ್ಟ ಹಾಗೆ ನಿಂತಿತು. ಗಡದ ತಳಕ್ಕೆ ನೇರಳೆ, ಅದರ ಮೇಲೆ ಕಡು ಹಸಿರು, ಅದರ ಮೇಲೆ ಕೆಂಗಂದು ಎಳೆದರೂ ಮೂರೂ ಬೇರೆ ಬೇರೆಯಾಗಿ ಕಂಡವು. ಕೊನೆಗೆ ಒಂದು ಚೂರು ಕೆನೆ ಬಣ್ಣವನ್ನು ಬರೀ ತಾಗಿಸಿದೆ. ಬಂಡೆಗೆ ಬಿಸಿಲು ಬಿತ್ತು. ಕಪ್ಪು ಹಾಳೆಯಾದ್ದರಿಂದ ಬಂಡೆಯ ಸಂದಿಗಳನ್ನು ನಾನು ಬರೆಯಲೇ ಇಲ್ಲ, ಖಾಲಿ ಬಿಟ್ಟದ್ದೇ ಸಂದಿಯಾಯಿತು.

ತೊಂದರೆಗಳೂ ಇವೆ. ಕಡ್ಡಿ ತಿನ್ನುತ್ತದೆ. ಬೆರಳಿನಿಂದ ತಿಕ್ಕಿದರೆ ಬೆರಳನ್ನೂ ತಿನ್ನುತ್ತದೆ, ಎರಡನೇ ದಿನ ಉಪ್ಪಿನಕಾಯಿ ಮುಟ್ಟಿದಾಗ ನೆನಪಾಯಿತು. ಅಲ್ಲದೆ ಇದು ಉಜ್ಜಲು ಮಾಡಿದ ಕಾಗದ, ಚಿತ್ರಕ್ಕೆ ಮಾಡಿದ್ದಲ್ಲ. ವರ್ಷಗಳು ಕಳೆದಂತೆ ಹಾಳೆ ಹಾಳಾಗಬಹುದು. ಅಭ್ಯಾಸಕ್ಕೆ ಚಿನ್ನ, ಉಡುಗೊರೆಗೆ ಬೇಡ.

ಉಳಿಯಬೇಕಾದ ಚಿತ್ರಕ್ಕೆ ಪೇಸ್ಟಲ್‌ಗೆಂದೇ ಮಾಡಿದ ಹಾಳೆಗಳಿವೆ. ಕ್ಲೇರ್‌ಫೊಂಟೇನ್‌ನ ಪೇಸ್ಟಲ್‌ಮ್ಯಾಟ್ 360 ಜಿಎಸ್‌ಎಂ, ಕೈಗೆ ಮಖಮಲ್ಲಿನ ಹಾಗೆ ಇರುತ್ತದೆ, ಆದರೂ ಪದರದ ಮೇಲೆ ಪದರ ಹಿಡಿಯುತ್ತದೆ. ಯುಆರ್ಟ್ ಎಂಬುದು ಮರಳು ಕಾಗದದ ಹಾಗೆ ನಂಬರಿನಲ್ಲಿ ಬರುತ್ತದೆ. ನಂಬರು ಜಾಸ್ತಿಯಾದಷ್ಟೂ ನಯ. ಎರಡೂ ದುಬಾರಿ, ನಮ್ಮೂರಲ್ಲಿ ಸಿಗುವುದಿಲ್ಲ, ಆನ್‌ಲೈನ್‌ನಲ್ಲೇ ತರಿಸಬೇಕು. ಮಧ್ಯದ ದಾರಿ ಬೇಕೆಂದರೆ 300 ಜಿಎಸ್‌ಎಂ ವಾಟರ್ ಕಲರ್ ಹಾಳೆಗೆ ಅಕ್ರಿಲಿಕ್ ಗೆಸ್ಸೊ (ಬಣ್ಣಕ್ಕೆ ಮುಂಚೆ ಬಳಿಯುವ ಬಿಳಿ ಪ್ರೈಮರ್) ಜೊತೆ ನುಣ್ಣನೆಯ ಪ್ಯೂಮಿಸ್ ಕಲ್ಲಿನ ಪುಡಿ ಕಲಸಿ ಎರಡು ಕೈ ಬಳಿಯಿರಿ. ಒಣಗಿದ ಮೇಲೆ ಹಲ್ಲು ಬರುತ್ತದೆ. ಅದಕ್ಕೇ ಸ್ವಲ್ಪ ಕೆಂಗಂದು ಅಕ್ರಿಲಿಕ್ ಸೇರಿಸಿದರೆ ನಮ್ಮ ಮಣ್ಣಿನ ಬಣ್ಣದ ಹಾಳೆ ತಯಾರು.

ದುಡ್ಡು ಇಷ್ಟೇ ಇದೆ ಎಂದಾದರೆ ನಾನು ಹೀಗೆ ಹಂಚುತ್ತೇನೆ. ಚಿಕ್ಕ ಡಬ್ಬಿ, ಹತ್ತು ವಾಟರ್ ಪೇಪರ್, ನಾಲ್ಕು ಬೂದು ಮಿ-ತಾಂತ್. ಬಿಳಿ ಹಾಳೆ ಒಂದೂ ಬೇಡ. ಬಿಳಿ ಹಾಳೆಯ ಮೇಲೆ ತಿಳಿ ಬಣ್ಣ ಎಷ್ಟು ತಿಳಿ ಎಂದು ಕಣ್ಣಿಗೆ ಗೊತ್ತಾಗುವುದೇ ಇಲ್ಲ.

ಕಡಲೋ, ಘಟ್ಟದ ಮೇಲೋ

ನಮ್ಮ ಜಿಲ್ಲೆಯವರ ಅದೃಷ್ಟ, ಬೆಳಿಗ್ಗೆ ಕಡಲು ನೋಡಿ ಮಧ್ಯಾಹ್ನ ಕಾಡಿನಲ್ಲಿ ಕೂರಬಹುದು. ತೊಂದರೆಯೂ ಅದೇ. ಹೊಸಬರು ಮೊದಲ ವಾರವೇ ಅಡಿಕೆ ತೋಟಕ್ಕೆ ನುಗ್ಗುತ್ತಾರೆ. ನಾನು ತೋಟದ ಮನೆಯಲ್ಲಿ ಹುಟ್ಟಿದವನು, ಆದರೂ ಹೇಳುತ್ತೇನೆ, ತೋಟ ಕೊನೆಗಿರಲಿ. ಮೊದಲ ಹತ್ತು ಚಿತ್ರ ಕಡಲಿನದು ಮಾಡಿ.

ಕಾರಣ ಇಷ್ಟೇ. ಕಡಲತೀರದಲ್ಲಿ ಆಕಾಶ, ಗುಡ್ಡ, ನೀರು, ಮರಳು ನಾಲ್ಕು ಅಡ್ಡ ಪಟ್ಟಿಗಳಾಗಿ ಎದುರಿಗೆ ಕೂತಿರುತ್ತವೆ. ಕಣ್ಣು ಅರ್ಧ ಮುಚ್ಚಿ ನೋಡಿದರೆ ಯಾವುದು ಕಡು, ಯಾವುದು ಮಧ್ಯಮ, ಯಾವುದು ತಿಳಿ ಎಂದು ಮಗುವಿಗೂ ಗೊತ್ತಾಗುತ್ತದೆ. ಪೇಸ್ಟಲ್‌ನಲ್ಲಿ ಮೊದಲು ಕಲಿಯಬೇಕಾದದ್ದು ಈ ಕಡು ತಿಳಿಯ ಲೆಕ್ಕ. ಅದು ಸರಿ ಬಂದರೆ ಬಣ್ಣ ತಪ್ಪಾದರೂ ಚಿತ್ರ ನಿಲ್ಲುತ್ತದೆ.

ನೀರಿಗೆ ನೀಲಿ ಹಚ್ಚುವ ಮೊದಲು ಒಮ್ಮೆ ನೋಡಿ. ಮಳೆಗಾಲದಲ್ಲಿ ಕಾಳಿ ನದಿ ತಂದ ಕೆಸರು ಸೇರಿ ಕಾರವಾರದ ನೀರು ಚಹಾ ಬಣ್ಣಕ್ಕೆ ಬಂದಿರುತ್ತದೆ. ಮಳೆ ಹೋದ ಮೇಲೂ ದಡದ ಹತ್ತಿರ ಬೂದು ಹಸಿರು, ನೀಲಿ ಇದ್ದರೆ ದೂರದಲ್ಲಿ ಒಂದು ಗೆರೆ. ಮರಳೂ ಹಾಗೇ, ಎಲ್ಲ ಕಡೆ ಹಳದಿಯಲ್ಲ. ಮಾಜಾಳಿಯ ತೀಳಮಾತಿಯಲ್ಲಿ ಮರಳು ಎಳ್ಳಿನ ಹಾಗೆ ಕಪ್ಪು. ಅಲ್ಲಿ ಬಿಳಿ ನೊರೆ ಬರೆಯುವುದು ಕಪ್ಪು ಹಾಳೆ ಇರುವವರಿಗೆ ಹಬ್ಬ. ದಿಗಂತದ ಗೆರೆಗೆ ಒಂದು ಮಾಸ್ಕಿಂಗ್ ಟೇಪ್ ಅಂಟಿಸಿಕೊಳ್ಳಿ. ಅದು ಒಂದು ನೂಲು ಓರೆಯಾದರೂ ಸಮುದ್ರ ಒಂದು ಕಡೆಗೆ ಚೆಲ್ಲುತ್ತಿರುವ ಹಾಗೆ ಕಾಣುತ್ತದೆ.

ಬೆಳಿಗ್ಗೆಯೋ ಸಂಜೆಯೋ? ಎಲ್ಲರಿಗೂ ಸಂಜೆಯೇ ಬೇಕು. ಆದರೆ ಸೂರ್ಯ ಮುಳುಗುವ ಹೊತ್ತು ಬಣ್ಣ ಐದು ನಿಮಿಷಕ್ಕೊಮ್ಮೆ ಬದಲಾಗುತ್ತದೆ, ಕಡಲ ಗಾಳಿಯೂ ಜೋರು. ಕಡ್ಡಿ ತೆಗೆಯುವಷ್ಟರಲ್ಲಿ ಕಿತ್ತಳೆ ಹೋಗಿ ನೇರಳೆ ಬಂದಿರುತ್ತದೆ. ಬೆಳಿಗ್ಗೆ ಏಳರಿಂದ ಒಂಬತ್ತು ನನಗೆ ಸರಿ. ಗಾಳಿ ಕಡಿಮೆ, ಸೂರ್ಯ ಸಹ್ಯಾದ್ರಿಯ ಕಡೆಯಿಂದ ಬೆನ್ನ ಹಿಂದೆ ಬರುತ್ತಾನೆ, ದ್ವೀಪಗಳ ಮೇಲೆ ನೇರ ಬೆಳಕು. ಇದಕ್ಕಿಂತಲೂ ಒಳ್ಳೆಯದು ಸೆಪ್ಟೆಂಬರ್‌ನ ಮೋಡದ ದಿನ. ಎರಡು ತಾಸು ಬೆಳಕು ಅಲ್ಲಾಡುವುದಿಲ್ಲ.

ಫ್ರಾನ್ಸಿನ ಕಡಲ ದಂಡೆಯಲ್ಲಿ ಯೂಜೀನ್ ಬುದಾಂ ಎಂಬ ಚಿತ್ರಕಾರ ಆಕಾಶವನ್ನೇ ಸಣ್ಣ ಸಣ್ಣ ಪೇಸ್ಟಲ್‌ಗಳಲ್ಲಿ ಬರೆಯುತ್ತಿದ್ದ. ಬದಿಯಲ್ಲಿ ತಾರೀಕು, ಹೊತ್ತು, ಗಾಳಿಯ ದಿಕ್ಕನ್ನೂ ಗುರುತು ಹಾಕಿಡುತ್ತಿದ್ದ. 1859ರಲ್ಲಿ ಕವಿ ಬೋದಲೇರ್ ಅದನ್ನು ನೋಡಿ ಬಾಯ್ತುಂಬ ಹೊಗಳಿದ. ನಾನೂ ಹಾಳೆಯ ಹಿಂದೆ ಹೊತ್ತು ಬರೆದಿಡುತ್ತೇನೆ. ‘ದೇವಬಾಗ, ಬೆಳಿಗ್ಗೆ 7.40, ಮೋಡ’ ಎಂದು ಬರೆದಿದ್ದರೆ ಮನೆಗೆ ಬಂದ ಮೇಲೆ ಆ ಬೂದು ಯಾಕೆ ಹಾಗಿತ್ತು ಎಂಬ ಗೊಂದಲ ಇರುವುದಿಲ್ಲ. ಒಂದು ಎಚ್ಚರಿಕೆ. ಬಿಣಗಾ ದಾಟಿ ಅರಗಾ ಕಡೆ ನೌಕಾನೆಲೆ ಇದೆ. ಅಲ್ಲಿ ಬೋರ್ಡು, ಫೋನು ಹಿಡಿದು ಕೂರಬೇಡಿ.

ಕಡಲಾದ ಮೇಲೆ ಗೋಕರ್ಣದ ಹತ್ತಿರದ ಸಾಣಿಕಟ್ಟಾ. ಬೇಸಿಗೆಯಲ್ಲಿ ಉಪ್ಪಿನ ಆಗರಗಳು ಕನ್ನಡಿ ಜೋಡಿಸಿದ ಹಾಗೆ ಮಲಗಿರುತ್ತವೆ. ಪ್ರತಿಬಿಂಬ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ನೀರಿನಲ್ಲಿ ಬಿದ್ದ ಆಕಾಶ ಮೇಲಿನ ಆಕಾಶಕ್ಕಿಂತ ಒಂದು ಚೂರು ಕಡು, ನೀರಿನಲ್ಲಿ ಬಿದ್ದ ಗುಡ್ಡ ನಿಜವಾದ ಗುಡ್ಡಕ್ಕಿಂತ ಒಂದು ಚೂರು ತಿಳಿ. ಉಪ್ಪಿನ ರಾಶಿಗೆ ಮಾತ್ರ ಅಪ್ಪಟ ಬಿಳಿ ಇಡಿ, ಅದೂ ಬಿಸಿಲು ಬಿದ್ದ ಬದಿಗೆ. ನೆರಳಿನ ಬದಿ ತಿಳಿ ನೀಲಿ.

ಇನ್ನು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದರೆ ಎಲ್ಲವೂ ಹಸಿರು. ಹಸಿರೇ ಇಲ್ಲಿನ ಪರೀಕ್ಷೆ. ಡಬ್ಬಿಯ ಹಸಿರನ್ನು ಹಾಗೇ ಹಚ್ಚಿದರೆ ಕಾಡು ಪ್ಲಾಸ್ಟಿಕ್ ಚಾಪೆಯಾಗುತ್ತದೆ. ನನಗೆ ಕೈಗೂಡಿದ ಉಪಾಯ, ಮೊದಲು ಕೆಂಗಂದು ಅಥವಾ ಕಿತ್ತಳೆ ಪದರ ಹಾಕಿ, ಅದರ ಮೇಲೆ ಹಸಿರನ್ನು ಒತ್ತದೆ ಎಳೆಯುವುದು. ಸಂದಿಯಲ್ಲಿ ಕೆಂಪು ಇಣುಕುತ್ತದೆ, ಹಸಿರು ಬದುಕುತ್ತದೆ. ದೂರದ ಬೆಟ್ಟಕ್ಕೆ ಹಸಿರಿನ ಬದಲು ಬೂದು ನೀಲಿ. ಹಿಂದೆ ಹೋದಷ್ಟೂ ತಿಳಿ. ಆದರೆ ಮಳೆ ಹೊಯ್ದು ನಿಂತ ಅರ್ಧ ಗಂಟೆ ಈ ನಿಯಮ ನಡೆಯುವುದಿಲ್ಲ. ಗಾಳಿ ತೊಳೆದುಹೋಗಿ ದೂರದ ಬೆಟ್ಟ ಅಂಗಳದ ಆಚೆಗೇ ಬಂದು ನಿಂತ ಹಾಗೆ ಕಡುವಾಗಿ ಕಾಣುತ್ತದೆ. ಕಂಡದ್ದನ್ನು ಬರೆಯಿರಿ.

ಶಿರಸಿ ಕಡೆ ಶುರು ಮಾಡುವುದಾದರೆ ಚಳಿಗಾಲದ ಇಬ್ಬನಿ ಬೆಳಗು, ಗದ್ದೆಯ ಅಂಚು, ಹಿಂದೆ ಒಂದು ಸಾಲು ಮರ. ಮಂಜು ಅರ್ಧ ವಿವರಗಳನ್ನು ಅಳಿಸಿಕೊಟ್ಟಿರುತ್ತದೆ. ಉಂಚಳ್ಳಿ ಜಲಪಾತ 116 ಮೀಟರ್ ಎಂದು ಓಡಿಹೋಗಿ ಬಿಳಿ ಕಡ್ಡಿಯಿಂದ ಉದ್ದಕ್ಕೆ ಎಳೆದರೆ ಸೀಮೆಸುಣ್ಣದ ಗೆರೆ ಬರುತ್ತದೆ ಅಷ್ಟೆ. ನೀರಿನ ಹೆಚ್ಚು ಭಾಗ ಬೂದು, ಬಿಳಿ ಎಲ್ಲೋ ನಾಲ್ಕು ಕಡೆ. ಯಾಣದ ಬಂಡೆಗಳೂ ಕಾಯಲಿ. ಕಪ್ಪು ಕಾಡಿನ ಮುಂದೆ ಕಪ್ಪು ಕಲ್ಲು, ಹೊಸಬರಿಗೆ ಎರಡೂ ಬೇರೆಯಾಗುವುದಿಲ್ಲ. ತೋಟದಲ್ಲಿ ನೂರಾರು ನೆಟ್ಟನೆ ಕಾಂಡ, ನೆಲದ ಮೇಲೆ ಬಿಸಿಲಿನ ನಾಣ್ಯಗಳು. ಎಲ್ಲ ಕಾಂಡ ಬರೆದರೆ ಜೈಲಿನ ಸರಳು. ನಾಲ್ಕನ್ನು ಬರೆದು ಉಳಿದದ್ದನ್ನು ಒಂದೇ ಮಬ್ಬಾಗಿ ಬಿಡುವ ಧೈರ್ಯ ಬರಬೇಕು. ನನಗೆ ಅದು ಬರಲು ಎರಡು ವರ್ಷ ಬೇಕಾಯಿತು.

ಸ್ಥಳದಲ್ಲೋ, ಫೋಟೋ ನೋಡಿಯೋ ಎಂಬ ಜಗಳ ನನಗೆ ಅಷ್ಟು ಮುಖ್ಯವಲ್ಲ. ಫೋನ್ ಕ್ಯಾಮೆರಾ ನೆರಳನ್ನು ಕಪ್ಪು ಮಾಡುತ್ತದೆ, ಇಲ್ಲವೇ ಆಕಾಶವನ್ನು ಬಿಳುಚಿಸುತ್ತದೆ. ಅದಕ್ಕೇ ಸ್ಥಳದಲ್ಲಿ ಇಪ್ಪತ್ತು ನಿಮಿಷ, ಅಂಗೈ ಅಗಲದ ಚಿತ್ರ. ಮನೆಯಲ್ಲಿ ಅದನ್ನೂ ಫೋಟೋವನ್ನೂ ಎದುರಿಗಿಟ್ಟು ದೊಡ್ಡದು. ಆಕಾರಕ್ಕೆ ಫೋಟೋ, ಬಣ್ಣಕ್ಕೆ ಆ ಚಿಕ್ಕ ಚಿತ್ರ. ಕ್ಲಾಸಿಗೆ ಹೋಗುವುದೋ ವಿಡಿಯೋ ನೋಡುವುದೋ ಎಂದರೆ, ಹತ್ತಿರದಲ್ಲಿ ಡ್ರಾಯಿಂಗ್ ಮಾಸ್ತರು ಇದ್ದರೆ ಒಂದು ತಿಂಗಳು ಬರೀ ಡ್ರಾಯಿಂಗ್ ಕಲಿಯಿರಿ. ಪೇಸ್ಟಲ್ ಆಮೇಲೆ ವಿಡಿಯೋದಲ್ಲೇ ಆಗುತ್ತದೆ.

ಮಳೆಗಾಲ, ಫಿಕ್ಸೆಟಿವ್, ಗಾಜು

ಬರೆದದ್ದನ್ನು ಕಾಪಾಡಲು ಎರಡು ದಾರಿ. ಫಿಕ್ಸೆಟಿವ್, ಅಂದರೆ ಪುಡಿಯನ್ನು ಹಾಳೆಗೆ ಹಿಡಿಸುವ ಸ್ಪ್ರೇ, ಹೊಡೆಯುವುದು, ಇಲ್ಲವೇ ಗಾಜಿನ ಹಿಂದೆ ಇಡುವುದು. ಫಿಕ್ಸೆಟಿವ್ ಹೊಡೆದರೆ ಗಾಜು ಬೇಡ ಎಂದು ನಾನೂ ನಂಬಿದ್ದೆ. ದೇವಬಾಗದ ಅಲೆಗಳ ಒಂದು ಚಿತ್ರಕ್ಕೆ ಧಾರಾಳವಾಗಿ ಹೊಡೆದೆ. ಐದೇ ನಿಮಿಷದಲ್ಲಿ ನೊರೆ ಮಾಯ. ತಿಳಿ ಬಣ್ಣಗಳ ಪುಡಿ ಒದ್ದೆಯಾಗಿ ಕೆಳಗಿನ ಕಡು ಎದ್ದು ಬಂದಿತ್ತು. ಈಗ ಮಧ್ಯದ ಹಂತದಲ್ಲಿ ಮಾತ್ರ ದೂರದಿಂದ ಒಂದು ತೆಳು ಪದರ ಹೊಡೆಯುತ್ತೇನೆ, ಅದರ ಮೇಲೆ ತಿಳಿ ಬಣ್ಣ ಇಟ್ಟು ಹಾಗೇ ಬಿಡುತ್ತೇನೆ. ಹೇರ್ ಸ್ಪ್ರೇ ಸಾಕು ಎನ್ನುವವರ ಮಾತು ಕೇಳಬೇಡಿ, ಅದು ಹಳದಿಯಾಗುತ್ತದೆ.

ಗಾಜು ಹಾಕುವಾಗ ಚಿತ್ರಕ್ಕೆ ತಾಗಬಾರದು. ಸುತ್ತ ದಪ್ಪ ಮೌಂಟ್ ಬೋರ್ಡು ಅಥವಾ ಸಣ್ಣ ಪಟ್ಟಿ ಇಟ್ಟು ಮಧ್ಯೆ ಜಾಗ ಬಿಡಿಸಬೇಕು. ತಾಗಿದರೆ ಜುಲೈನಲ್ಲಿ ಗಾಜಿನ ಒಳಗೆ ಬೆವರು ಬಂದು, ಆಗಸ್ಟ್‌ನಲ್ಲಿ ಬೂಸ್ಟು ಬರುತ್ತದೆ. ಮಳೆ ಹೊಡೆಯುವ ಹೊರಗೋಡೆಗೆ ನೇತು ಹಾಕಬೇಡಿ, ಒಳಗೋಡೆ ಆರಿಸಿ. ಫ್ರೇಮ್ ಇಲ್ಲದವುಗಳ ಮಧ್ಯೆ ಬಟರ್ ಪೇಪರ್ ಇಟ್ಟು, ಗಟ್ಟಿ ರಟ್ಟಿನ ನಡುವೆ ಅಲ್ಲಾಡದ ಹಾಗೆ ಕಟ್ಟಿ, ಹೊಸ ಚಪ್ಪಲಿ ಡಬ್ಬಿಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಕಪಾಟಿನ ಮೇಲಿನ ಅರೆಯಲ್ಲಿ ಇಡುತ್ತೇನೆ.

ಫ್ರೇಮ್ ಅಂಗಡಿಗೆ ಕೊಡುವಾಗ ಪಕ್ಕದಲ್ಲೇ ನಿಂತಿರಿ. ನನ್ನ ಮೊದಲ ಒಳ್ಳೆಯ ಸಾಣಿಕಟ್ಟಾ ಚಿತ್ರವನ್ನು ಕೊಟ್ಟು ಎದುರಿನ ಹೋಟೆಲಿಗೆ ಚಹಾ ಕುಡಿಯಲು ಹೋಗಿದ್ದೆ. ಬಂದು ನೋಡಿದರೆ ಫ್ರೇಮಿನವರು ಬಹಳ ಕಾಳಜಿಯಿಂದ, ಮೆತ್ತಗಿನ ಬನಿಯನ್ ಬಟ್ಟೆಯಿಂದ, ಹಾಳೆಯ ಮೇಲಿನ ‘ಧೂಳು’ ಒರೆಸುತ್ತಿದ್ದರು.